ಬಸ್ರಾದ ಗಾಜಿನ ಪಟಗಳು

ನ್ಯಾಮತಿ
ಫೆಬ್ರವರಿ ೯, ೧೯೪೨

ಬಸ್ರಾದಲ್ಲಿರುವ ನಮ್ಮ ಮನೆಯವರಿಗೆ ನಿಮ್ಮ ಕಸ್ತೂರಿಯ ನಮಸ್ಕಾರಗಳು.

ನಿಮ್ಮ ಕೆಮ್ಮು ವಾಸಿಯಾಯಿತೇ? ಮಿಲಿಟರಿ ಲಾರಿ ಓಡಿಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ನನ್ನ ಎಡಗೈ ಮುರಿದಿದೆ. ಬಲಗೈಗೆ ಏನೂ ಆಗಿಲ್ಲ, ಅದರಿಂದಲೇ ಬರೆಯುತ್ತಿದ್ದೇನೆ, ಗಾಬರಿಯಾಗಬೇಡಿ.

ರಜೆಗೆ ಬಂದ ನಿಮ್ಮ ಜೊತೆಗಾರ ತಂದುಕೊಟ್ಟ ಪೆಟ್ಟಿಗೆಯಿಂದ ಹೀಗಾಯಿತು. ಬಸ್ರಾದ ಪೇಟೆ ಲೂಟಿಯಾದಾಗ ಫೋಟೋ ತೆಗೆಯುವ ಯೂಸುಫರನ್ನು ಅಂಗಡಿಯಲ್ಲೇ ಕಡಿದು ಕೊಂದರೆಂದೂ, ಮನೆಗೂ ಬೆಂಕಿ ಇಟ್ಟಾರೆಂದು ಹೆದರಿ ಅವರ ಹೆಂಡತಿ ಮರಿಯಂ ಉಳಿದ ಗಾಜಿನ ಪಟಗಳನ್ನು ನಿಮ್ಮ ಕೈಗಿಟ್ಟರೆಂದೂ ಬರೆದಿದ್ದಿರಿ. ಆ ಊರಿನ ಮದುವೆಗಳು, ಮುದುಕರು, ತೀರಿಹೋದ ಮಕ್ಕಳು, ಎಲ್ಲರ ಮುಖ ಉಳಿದಿರುವುದು ಅದರಲ್ಲೇ ಎಂದಿದ್ದಿರಿ. ಒಂದು ಪಟವೂ ಇಲ್ಲದೆ ತೀರಿಹೋದ ನಮ್ಮ ಕೂಸಿನ ಮುಖ ನನಗೆ ದಿನದಿನಕ್ಕೂ ಮಸುಕಾಗುತ್ತಿದೆ. ಹಾಗಾಗಿ ಪೆಟ್ಟಿಗೆ ಕಾಯುವುದು ಭಾರವೆನಿಸಲಿಲ್ಲ.

ಆದರೆ ಅವು ಕಾಗದಕ್ಕೆ ಇಳಿಸುವ ಮೊದಲಿನ ನೆಗೆಟಿವ್ ಗಾಜು, ಬೆಳಕಿಗೆ ಹಿಡಿದರೆ ಮುಖ ಕಪ್ಪು, ಕೂದಲು ಬಿಳಿ. ಒಮ್ಮೆ ಹಾಗೆ ನೋಡಿದ ಭಾವನವರು ಪೆಟ್ಟಿಗೆಯಿದ್ದ ಒಳಮನೆಗೆ ಕಾಲಿಡುವುದನ್ನೇ ಬಿಟ್ಟರು. ಅವರ ಮಗಳು ಚೌಡಿಗೆ ಸಿಡುಬು ಎದ್ದಾಗ ಇದು ಪೆಟ್ಟಿಗೆಯದೇ ಕಾಟ ಎಂದರು. ಮಗಳೆಂದರೆ ನಿಮ್ಮಣ್ಣನಿಗೆ ಎಷ್ಟು ಜೀವ ಎಂದು ನಿಮಗೇ ಗೊತ್ತು. ಹದಿನೈದು ದಿನದ ಹಿಂದೆ ಒಂದು ಮಧ್ಯಾಹ್ನ ಕೊಡಲಿ ಹಿಡಿದು ಬಂದರು. ನಾನು ಪೆಟ್ಟಿಗೆಯ ಮೇಲೆ ಬಿದ್ದುಕೊಂಡೆ.

"ಸತ್ತೋರನ್ನ ಮನ್ಯಾಗಿಟ್ಕಂಡು ನನ್ ಮಗಳನ್ನ ಕೊಲ್ತೀಯೇನೆ?" ಎಂದರು.

"ಇವರ ಹೆಂಡ್ರು ಮಕ್ಳು ಇನ್ನೂ ಅದಾರೆ ಭಾವ. ಅವರಿಗೆ ಕೊಡಾಕೆ ಇಟ್ಟೀನಿ," ಎಂದೆ.

ಕೊಡಲಿಯ ಕಾವಿನಿಂದ ಹೊಡೆದರು. ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ಕೂದಲು ಹಿಡಿದು ಎಳೆದುಹಾಕಿ ಪೆಟ್ಟಿಗೆಗೆ ಕೊಡಲಿ ಇಳಿಸಿದರು. ಒಂದು ಬದಿಯ ಗಾಜೆಲ್ಲ ಪುಡಿಯಾಯಿತು. ಅವರು ಮತ್ತೆ ಎತ್ತುವಷ್ಟರಲ್ಲಿ ಗೋಡೆಗೆ ಸಿಕ್ಕಿಸಿದ್ದ ಕುಡುಗೋಲು ನನ್ನ ಕೈಗೆ ಬಂದಿತ್ತು. ಬೀಸಿದೆ. ತೊಡೆಗೆ ಬಿತ್ತು. ನೆಲದ ಗಾಜೆಲ್ಲ ಕೆಂಪಾಯಿತು. ನಿಮ್ಮ ಅತ್ತಿಗೆ ಓಡಿಬಂದು ಸೆರಗು ಹರಿದು ಕಟ್ಟಿದಳು, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಊರವರು ಗಾಡಿ ಕಟ್ಟಿ ಭಾವನವರನ್ನು ಹೊನ್ನಾಳಿಯ ಆಸ್ಪತ್ರೆಗೆ ಸಾಗಿಸಿದರು.

ನನ್ನ ತವರಿನ ಅಣ್ಣ ಜುಂಜಪ್ಪ ಉಳಿದ ಗಾಜುಗಳನ್ನು ಹುಲ್ಲಿನಲ್ಲಿ ಸುತ್ತಿ ದಾವಣಗೆರೆಗೆ ಒಯ್ದು, ಫೋಟೋ ಸ್ಟುಡಿಯೋದ ಮರುಳಸಿದ್ದಪ್ಪನವರ ಹತ್ತಿರ ಇಟ್ಟಿದ್ದಾನೆ. ಅವರು ಒಂದನ್ನು ಕಾಗದದ ಮೇಲೆ ತೆಗೆದುಕೊಟ್ಟರು: ಯೂಸುಫರೂ ಮರಿಯಮರೂ ಜೊತೆಯಾಗಿ ಕುಳಿತಿದ್ದಾರೆ. ಇದರೊಳಗಿದೆ, ಆಕೆಗೆ ಮುಟ್ಟಿಸಿ. ಉಳಿದವನ್ನೂ ಹೀಗೇ ಕಳುಹಿಸುತ್ತೇವೆ, ಅವರವರ ಮನೆಗೆ ಆಕೆಯೇ ಹಂಚಲಿ. ಚೌಡಿ ಎದ್ದು ಕುಳಿತು ಗಂಜಿ ಕುಡಿಯುತ್ತಿದ್ದಾಳೆ.

ದುರುಗಮ್ಮ ತಾಯಿ ನಿಮ್ಮನ್ನು ಕಾಯಲಿ.

ನಿಮ್ಮ
ಕಸ್ತೂರಮ್ಮ

ಇನ್ನೊಂದು ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಜುಂಜಪ್ಪ ಹೊನ್ನಾಳಿಯಿಂದ ಬಂದ. ಗಾಯ ಕೀವಾಗಿ, ಜ್ವರ ನೆತ್ತಿಗೇರಿ ನಿಮ್ಮಣ್ಣ ಹೋಗಿಬಿಟ್ಟರು. ಪೊಲೀಸರು ಜಗಲಿಯಲ್ಲಿ ಕುಳಿತಿದ್ದಾರೆ. ಬೀಸಿದ್ದು ನಾನೇ ಎಂದು ಹೇಳುತ್ತೇನೆ. ನೀವು ಮೊದಲು ನಿಮ್ಮ ಅತ್ತಿಗೆಗೆ ಬರೆಯಿರಿ. ನನಗೆ ಬರೆಯುವುದೋ ಬೇಡವೋ ಆಮೇಲೆ ನೋಡಿ.