ಅಪ್ಪನ ಹೆಸರಿನ ದೇಣಿಗೆ

ಡೆ ಮೊಯಿನ್, ಅಯೋವಾ
ಮಾರ್ಚ್ ೧೯೮೦

ಪ್ರೀತಿಯ ಅಪ್ಪ,

ಕ್ಷೌರದಂಗಡಿಯಲ್ಲಿ ನಡೆದದ್ದನ್ನು ಲೊರೇನ್ ಅತ್ತೆ ಫೋನಿನಲ್ಲಿ ಹೇಳಿದಳು. ಅಂಗಡಿಯ ಗಸ್, ಅಧ್ಯಕ್ಷ ಚುನಾವಣೆಯಲ್ಲಿ ನಾನು ಯಾರ ಪರ ಕೆಲಸ ಮಾಡುತ್ತೇನೋ ಆ ಅಭ್ಯರ್ಥಿಯ ದಾನಿಗಳ ಹೆಸರನ್ನು ಪತ್ರಿಕೆಯಲ್ಲಿ ತೋರಿಸಿ, "ಏನೋ ವರ್ನನ್, ಬೆಳಗ್ಗೆಯೆಲ್ಲ ಅವನನ್ನ ಬೈಯೋದು, ಸಂಜೆ ಅವನ ಚುನಾವಣೆಗೇ ಇನ್ನೂರೈವತ್ತು ಡಾಲರ್ ಕಳಿಸೋದಾ?" ಎಂದನಂತೆ. ನೀನು, "ನನ್ನ ದುಡ್ಡು, ನನ್ನಿಷ್ಟ. ನೀನು ಕತ್ತರಿ ಆಡಿಸು" ಎಂದೆಯಂತೆ.

ಆ ಹಣ ಯಾರ ಕೆಲಸವೆಂದು ನಿನಗೆ ಆಗಲೇ ಹೊಳೆದಿರಬೇಕು.

ಜನ ಕೊಟ್ಟ ಸಣ್ಣ ದೇಣಿಗೆಗಳಿಗೆ ಸರಕಾರ ಅಷ್ಟೇ ಹಣ ಕೂಡಿಸಿ ಅಭ್ಯರ್ಥಿಗೆ ಕೊಡುತ್ತದೆ. ಆದರೆ ದೇಣಿಗೆ ಕೊಟ್ಟವರ ಸ್ವಂತದ್ದಾಗಿರಬೇಕು, ಇಪ್ಪತ್ತು ರಾಜ್ಯಗಳಿಂದ ತಲಾ ಐದು ಸಾವಿರ ಡಾಲರ್ ಬಂದಿರಬೇಕು. ನಮ್ಮ ರಾಜ್ಯದಲ್ಲಿ ದಾನಿಗಳು ಸಾಲಲಿಲ್ಲ. ಪ್ರಚಾರ ಕಚೇರಿಯ ಮುಖ್ಯಸ್ಥ ಹ್ಯಾಲ್ವರ್ಸನ್ ನನ್ನ ಮೇಜಿನ ಮೇಲೆ ನೋಟುಗಳನ್ನಿಟ್ಟು, "ಒಂದು ಹೆಸರಿದ್ರೆ ಸಾಕು, ನಿಮ್ಮನೆಯವರದ್ದೇ ಹಾಕು" ಎಂದ. ಆ ನೋಟು ಕೊಟ್ಟು ಕೊಂಡ ಮನಿಯಾರ್ಡರಿನ ಮೇಲೆ ನಿನ್ನ ಸಹಿಯನ್ನು ನಾನೇ ಹಾಕಿದೆ. ಹಾಕುವ ಮುಂಚೆ ನಿನ್ನನ್ನು ಕೇಳಲಿಲ್ಲ, ಅದನ್ನೂ ಹೇಳಬೇಕು.

ಈ ವಾರ ಚುನಾವಣಾ ಆಯೋಗದ ಹೆಂಗಸೊಬ್ಬಳು ನಿನಗೆ ಫೋನ್ ಮಾಡಿ, ಹಣ ನಿನ್ನದೇ ಹೌದಾ ಎಂದು ಕೇಳುತ್ತಾಳೆ. "ನಿಮ್ಮಪ್ಪ ಒಂದ್ಸಲ ಹೂಂ ಅಂದ್ರೆ ನಿನ್ನ ಕೆಲಸ ಉಳಿಯುತ್ತೆ, ಬರೆದು ಹೇಳು" ಎಂದು ಹ್ಯಾಲ್ವರ್ಸನ್ನನೇ ನನ್ನನ್ನು ಈ ಪತ್ರಕ್ಕೆ ಕೂರಿಸಿದ್ದಾನೆ. ಬರೆಯದಿದ್ದರೂ ನೀನು ಹೂಂ ಅನ್ನುತ್ತೀಯೆಂದು ನನಗೆ ಗೊತ್ತು. ಅನ್ನಬೇಡ. "ಹಣ ನನ್ನದಲ್ಲ, ಸಹಿ ಮಗಳದು" ಎನ್ನು. ಆಯೋಗದವಳು ನನ್ನ ಹೆಸರು ಕೇಳಿದರೆ ಒಂದೊಂದೇ ಅಕ್ಷರ ಹೇಳಿ, ಸರಿಯಾಗಿ ಬರೆಸು.

ನಿನ್ನ ಮಗಳು,
ಮಾರ್ಲಿಸ್