ಮೂರು ಪರದೆಯ ಮೇಲೆ ಒಬ್ಬರೇ ಕಾಕಾ

ಪ್ರೀತಿಯ ಕಾಕಾ,

ಇದನ್ನು ಓದಿದರೆ ಮೊದಲು ನನ್ನ ಅಕ್ಷರ ನೋಡಿ ನಗುತ್ತೀರಿ, ಗೊತ್ತು. ನಕ್ಕುಬಿಡಿ. ಇಷ್ಟು ವರ್ಷ ನಿಮ್ಮ ಕೈಕೆಳಗೆ ಕೆಲಸ ಮಾಡಿದವಳಿಗೆ ಅದೇನು ಹೊಸದಲ್ಲ. ನಿಮ್ಮನ್ನು ಮಣ್ಣು ಮಾಡಿ ಬಂದ ಮೇಲೆ ಸ್ಟುಡಿಯೋದ ಬೀಗ ತೆಗೆದವಳು ನಾನೇ. ಕಸ ಹೊಡೆದೆ, ಗಿರಾಕಿ ಕೂರುವ ಸ್ಟೂಲು ಒರೆಸಿದೆ, ಕಂಪ್ಯೂಟರ್ ಚಾಲೂ ಮಾಡಿದೆ. ನಿಮ್ಮ ಆ ಡಬ್ಬಾ ಮಾನಿಟರ್ ಚಟ್ ಅಂದಿತು. ನಡುವೆ ಒಂದು ಬಿಳಿ ಗೆರೆ ಬಂತು, ಆಮೇಲೆ ಅದೂ ಇಲ್ಲ. ಹೋಗುವುದಾದರೆ ಕೂಡಿಯೇ ಹೋಗೋಣ ಅಂತ ನೀವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದಿರೇನು? ನಿಮ್ಮ ಹೆಸರಿನಲ್ಲಿ ಊಟ ಹಾಕುವ ಗಣಾರಾಧನೆಗೆ ಇಡಲು ನಿಮ್ಮ ಮನೆಯವರು, ನಮ್ಮ ಕಾಕು, ನಿಮ್ಮ ಫೋಟೋ ಕೇಳಿದ್ದರು. ನಮ್ಮೂರು ಕಲ್ಯಾಣದ ಎಷ್ಟೋ ಮನೆಗಳ ಗೋಡೆಯ ಮೇಲೆ ನೀವು ಮಾಡಿಕೊಟ್ಟ ಫೋಟೋ ಇವೆ. ನಿಮ್ಮ ಮನೆಯ ಗೋಡೆಗೆ ನಿಮ್ಮದೊಂದು ಇರಲಿಲ್ಲ.

ನಾನು ಮೊದಲ ಸಲ ಕೆಲಸ ಕೇಳಿಕೊಂಡು ಬಂದಾಗ ನೀವು ಡಾರ್ಕ್‌ರೂಮಿನಿಂದ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಿರಿ. "ಹೆಣ್ಣಮಕ್ಕಳ ಗದ್ದ ಹಿಡದು ತಿರುಗಸೂದು ನನ್ನ ಕೈಲೆ ಆಗಂಗಿಲ್ಲ ತಂಗಿ. ಅದು ನಿನ್ನ ಕೆಲಸ. ಉಳಿದದ್ದು ನಾ ನೋಡಕೋತೀನಿ" ಅಂದಿರಿ. ಹಾಗೆ ನನ್ನ ನೌಕರಿ ಶುರುವಾದದ್ದು ಗದ್ದ ತಿರುಗಿಸುವುದರಿಂದ. ಬುರ್ಖಾ ತೆಗೆದಿಟ್ಟು ಕೂತವರ, ತಲೆಯ ಮೇಲಿನ ಸೆರಗು ಜಾರೀತೆಂದು ಹೆದರಿ ಕೂತವರ, ಎಲ್ಲರ ಗದ್ದವನ್ನೂ ನಾನೇ ತಿರುಗಿಸಿದೆ. ಮುಂದೆ ಕಂಪ್ಯೂಟರ್ ಬಂದಾಗ ಅದನ್ನೂ ನನ್ನ ತಲೆಗೇ ಕಟ್ಟಿದಿರಿ. ಆದರೆ ಬಣ್ಣ ಮಾತ್ರ ಕೊನೆಯ ತನಕ ನೀವೇ ನೋಡಿದಿರಿ. ಅದನ್ನೊಂದು ನನಗೆ ಬಿಟ್ಟುಕೊಟ್ಟಿದ್ದರೆ...

ಹುಲಸೂರಿನವರು ಬಂದ ದಿನ ನೆನಪಿದೆಯಾ? ತೀರಿಕೊಂಡ ತಾಯಿಯದು ಒಂದು ಮದುವೆಯ ಗುಂಪಿನ ಫೋಟೋ ತಂದಿದ್ದರು. ಅದರಲ್ಲಿ ಆಕೆಯ ಮುಖ ಹೆಬ್ಬೆರಳಿನ ಉಗುರಿನಷ್ಟು. ಅದನ್ನು ಬಿಡಿಸಿ, ದೊಡ್ಡದು ಮಾಡಿ ಕೊಡಬೇಕಿತ್ತು. "ಜರಾ ಬೆಳ್ಳಗ ಮಾಡ್ರಿ ಕಾಕಾ, ಗ್ವಾಡಿ ಮ್ಯಾಲ ಚಂದ ಕಾಣಬೇಕು" ಅಂದ ಹಿರಿಯ ಮಗ. ನೀವು ತಲೆ ಎತ್ತಲಿಲ್ಲ. "ಕನ್ಯಾದ ಫೋಟೋ ಆಗಿದ್ರ ಮಾಡತಿದ್ದೆ. ಸತ್ತವರನ್ನ ಬೆಳ್ಳಗ ಮಾಡಬಾರದಪಾ. ನಾಳೆ ನಿಮ್ಮ ಮಕ್ಕಳು ಬ್ಯಾರೆ ಯಾರಿಗೋ ಕೈ ಮುಗದಂಗ ಆಗತದ" ಅಂದಿರಿ. ಆತ ಸಿಟ್ಟಾಗಿ ಹೋಗಿ, ಸಂಜೆಗೆ ತಾನೇ ವಾಪಸ್ ಬಂದ. ವರನ ಕಡೆಗೆ ಕಳಿಸುವ ಕನ್ಯಾದ ಫೋಟೋದಲ್ಲಿ ಮಾತ್ರ ನಿಮಗೆ ಯಾವ ನೇಮವೂ ಇರಲಿಲ್ಲ ಬಿಡಿ. ನನ್ನದನ್ನು ಎಷ್ಟು ಬೆಳ್ಳಗೆ ಮಾಡಿದ್ದಿರೆಂದರೆ, ನೋಡಲು ಬಂದವರು ನನ್ನನ್ನು ಬಿಟ್ಟು ಹಿಂದೆ ನಿಂತಿದ್ದ ನನ್ನ ಬೆಳ್ಳನೆಯ ತಂಗಿಯನ್ನೇ ನೋಡುತ್ತಾ ಕೂತಿದ್ದರು!

ಆ ಡಬ್ಬಾ ಮಾನಿಟರಿಗೆ ವಯಸ್ಸಾಗಿ ಎಲ್ಲರ ಮುಖವೂ ಕೆಂಪಗೆ ಕಾಣತೊಡಗಿದಾಗ ಹೊಸದು ತರೋಣ ಅಂತ ನಾನು ಎಷ್ಟು ಸಲ ಹೇಳಿದೆ. ನೀವು ಅದರ ತಲೆ ಸವರಿ, "ಇಂವ ಸುಳ್ಳ ಹೇಳತಾನ, ಖರೆ ಅದ. ಆದರ ಎಷ್ಟು ಸುಳ್ಳ ಹೇಳತಾನ ಅಂಬೂದು ನನಗ ಗೊತ್ತದ. ಹೊಸಾವ ಬಂದ್ರ ಅವನ ಸುಳ್ಳ ಕಲೀಲಿಕ್ಕಿ ಮತ್ತ ವರ್ಷ ಬೇಕು" ಅಂದಿರಿ. ಪರದೆಯ ಮೇಲೆ ಟೊಮ್ಯಾಟೊ ಹಣ್ಣಿನಂತಿದ್ದ ಮದುಮಗ ಕಾಗದದ ಮೇಲೆ ಸರಿಯಾಗಿ ಗೋಧಿ ಬಣ್ಣದಲ್ಲಿ ಬರುತ್ತಿದ್ದ. ಆ ಲೆಕ್ಕ ನಿಮ್ಮ ಕಣ್ಣಿನಲ್ಲಿತ್ತು, ಅದನ್ನು ಕಣ್ಣಿನಲ್ಲಿಯೇ ಇಟ್ಟುಕೊಂಡು ಹೋದಿರಿ. ನನಗೆ ಸಿಟ್ಟು ಬರುತ್ತದೆ ಕಾಕಾ, ಸುಳ್ಳು ಯಾಕೆ ಹೇಳಲಿ.

ನಿಮ್ಮದೊಂದು ಬಣ್ಣದ ಫೋಟೋ ನಾನು ತೆಗೆದದ್ದು ಹೊಸ ಡಿಜಿಟಲ್ ಕ್ಯಾಮೆರಾ ಬಂದ ಹೊಸತರಲ್ಲಿ. ಬೆಳಕು ಹೇಗೆ ಬೀಳುತ್ತದೆ ನೋಡಬೇಕಿತ್ತು, ಗಿರಾಕಿ ಇರಲಿಲ್ಲ, ನಿಮ್ಮನ್ನೇ ಸ್ಟೂಲಿನ ಮೇಲೆ ಕೂರಿಸಿದೆ. ನಾನು ನಿಮ್ಮ ಗದ್ದ ಹಿಡಿದು ತಿರುಗಿಸಿದಾಗ, "ಇಷ್ಟ ದಿನಕ್ಕ ನನ್ನ ಪಾಳಿ ಬಂತು" ಅಂತ ನಕ್ಕಿರಿ. ಆ ನಗು ಮುಗಿಯುವ ಮೊದಲೇ ಗುಂಡಿ ಒತ್ತಿದ್ದೆ. ಅದೊಂದೇ ಫೋಟೋ. ಉಳಿದದ್ದೆಲ್ಲ ನೀವು ತರುಣರಿದ್ದಾಗಿನ ಕಪ್ಪು ಬಿಳುಪು. ಆ ಬಣ್ಣದ ಫೋಟೋ ಇದ್ದ ಹಳೆಯ ಸಿಡಿ ಹಿಡಿದುಕೊಂಡು, ಮಾನಿಟರ್ ತರಲು ಹುಮನಾಬಾದಕ್ಕೆ ಹೋದೆ. ಹೋಗುವ ದಾರಿಯುದ್ದಕ್ಕೂ ಧೈರ್ಯವಾಗಿದ್ದೆ. ಯಾವ ಪರದೆಯಲ್ಲಿ ನೀವು ನೀವಾಗಿ ಕಾಣುತ್ತೀರೋ ಅದನ್ನು ತೆಗೆದುಕೊಂಡರೆ ಆಯಿತು, ಅದರಲ್ಲೇನಿದೆ ಅಂದುಕೊಂಡಿದ್ದೆ.

ಬಸ್ ಸ್ಟ್ಯಾಂಡಿನ ಎದುರಿಗೆ ಇಲಿಯಾಸ್ ಭಾಯಿಯ ಅಂಗಡಿ. ಒಳಗೆ ಕಾಲಿಟ್ಟ ಕೂಡಲೇ ನಮ್ಮಂಥದೇ ಡಬ್ಬಾ ಕೇಳಿದೆ. ಆತ ನಕ್ಕ. "ಅಕ್ಕಾ, ಡಬ್ಬಾ ಮಾಲು ಬರೂದೇ ಬಂದ್ ಆಗ್ಯಾದ. ಈಗ ಎಲ್ಲಾ ಫ್ಲಾಟ್. ಜಾಗಾ ಕಮ್ಮಿ, ಕರೆಂಟ್ ಕಮ್ಮಿ, ಕಣ್ಣಿಗಿ ತಂಪು." ಮೇಜಿನ ಮೇಲೆ ಮೂರು ಚಪ್ಪಟೆ ಮಾನಿಟರ್ ಸಾಲಾಗಿ ನಿಂತಿದ್ದವು. ನನ್ನ ಸಿಡಿಯನ್ನು ಒಂದಾದ ಮೇಲೊಂದು ಯಂತ್ರಕ್ಕೆ ಹಾಕಿ ಮೂರರಲ್ಲೂ ನಿಮ್ಮನ್ನು ತೆರೆದು ಇಟ್ಟ. ಮೊದಲನೆಯದರಲ್ಲಿ ನೀವು ಮದುಮಗನ ಹಾಗೆ ಬೆಳ್ಳಗಿದ್ದಿರಿ. ನಡುವಿನದರಲ್ಲಿ ಮುಖಕ್ಕೆ ಒಂದು ನೀಲಿ ಛಾಯೆ. ಮೂರನೆಯದರಲ್ಲಿ ಹಳದಿ, ಕೊನೆಯ ತಿಂಗಳು ಕಾಮಣಿ ರೋಗ ಏರಿದಾಗ ಹಾಸಿಗೆಯಲ್ಲಿ ಇದ್ದಿರಲ್ಲ, ಅದೇ ಹಳದಿ. ಅದನ್ನು ಬಂದ್ ಮಾಡಿ ಅಂದೆ. ಆತನಿಗೆ ಯಾಕೆಂದು ತಿಳಿಯಲಿಲ್ಲ, ಆದರೂ ಮಾಡಿದ.

ಆತ ಎಳೆದುಕೊಟ್ಟ ಕುರ್ಚಿಯ ಮೇಲೆ ಕೂತೆ. ಕೂತರೆ ಬೆಳ್ಳಗಿದ್ದ ನೀವು ಕಪ್ಪಾದಿರಿ. ಎದ್ದೆ, ಮತ್ತೆ ಬೆಳ್ಳಗಾದಿರಿ. ಈ ಚಪ್ಪಟೆ ಪರದೆಗಳ ಗುಣವೇ ಹಾಗಂತೆ, ನೋಡುವವರು ತಲೆ ಎತ್ತಿದರೆ ಒಂದು ಬಣ್ಣ, ಇಳಿಸಿದರೆ ಇನ್ನೊಂದು. ನಾನು ಏಳುವುದು ಕೂರುವುದು ಮಾಡುತ್ತಿದ್ದರೆ ಮೌಸ್ ಕೊಳ್ಳಲು ಬಂದಿದ್ದ ಒಬ್ಬ ಗಿರಾಕಿ ನನ್ನನ್ನೂ ನಿಮ್ಮನ್ನೂ ನೋಡಿ, "ಯಾರ್ರಿ ಇವರು, ಲೀಡರಾ?" ಅಂದ. ಇಲಿಯಾಸ್ ಭಾಯಿ ಪರದೆಯ ಕೆಳಗಿನ ಗುಂಡಿ ಒತ್ತಿದ. "ಸೆಟ್ಟಿಂಗ್ ಅದ ಅಕ್ಕಾ, ನೋಡ್ರಿ" ಅಂದ. ಒತ್ತಿದ ಹಾಗೆ ನೀವು ಕೆಂಪಾದಿರಿ, ನೀಲಿಯಾದಿರಿ, ಮತ್ತೆ ಕೆಂಪಾದಿರಿ. "ಇದರಾಗ ಖರೆ ಯಾವುದ್ರಿ ಭಾಯಿ?" ಅಂತ ಕೇಳಿದೆ. ನನ್ನ ದನಿ ಜೋರಾಗಿತ್ತೋ ಏನೋ, ಆತ ಗುಂಡಿಯಿಂದ ಕೈ ತೆಗೆದ. "ಖರೆ ಅಂಬೂದು ಏನೂ ಇರಂಗಿಲ್ಲ ಅಕ್ಕಾ. ನಿಮಗ ಯಾವುದು ಪಸಂದ್ ಅದನೋ ಅದೇ" ಅಂದ. ಪಾಪ, ಮೆತ್ತಗೇ ಹೇಳಿದ.

ಮುಖ ನೋಡಬೇಡ, ಅಂಗಿ ನೋಡು ಅಂತ ನೀವು ಹೇಳುತ್ತಿದ್ದದ್ದು ಆಗ ನೆನಪಾಯಿತು. ಬಿಳಿ ಅಂಗಿ ಬೆಳ್ಳಗೆ ಬಂದರೆ ಮುಖ ತಾನೇ ಸರಿಯಾಗುತ್ತದೆ, ಅಲ್ಲವಾ? ಫೋಟೋದಲ್ಲಿ ನಿಮ್ಮದು ಬಿಳಿ ಅಂಗಿಯೇ. ಬದುಕಿದೆ ಅಂದುಕೊಂಡೆ. ಒಂದು ಗಳಿಗೆ ಅಷ್ಟೇ. ನಿಮ್ಮ ಅಂಗಿಗೆ ಕಾಕು ಎಷ್ಟು ನೀಲಿ ಹಾಕಿ ಒಗೆಯುತ್ತಿದ್ದರು ಅಂತ ಊರಿಗೇ ಗೊತ್ತು. ಆ ಬಿಳಿಯಲ್ಲಿ ಎಷ್ಟು ಬಿಳಿ, ಎಷ್ಟು ನೀಲಿ? ಯಾರನ್ನು ಕೇಳಲಿ? ಬಣ್ಣದ ಮಾತು ಬಂದಾಗ ನಾನು ಕೇಳುತ್ತಿದ್ದದ್ದು ನಿಮ್ಮನ್ನೇ. ದಿನಾ ನೋಡಿದ ಮುಖ, ಕಣ್ಣು ಮುಚ್ಚಿದರೆ ಕನ್ನಡಕ ಕಾಣುತ್ತದೆ, ಕಿವಿಯ ಮೇಲಿನ ಕೂದಲು ಕಾಣುತ್ತದೆ, ಬಣ್ಣ ಮಾತ್ರ ಕಾಣುವುದಿಲ್ಲ. ಆ ಅಂಗಡಿಯಲ್ಲಿ ನಿಂತು ನನಗೆ ಅಳು ಬಂತು. ಕೊನೆಗೆ ಕಲ್ಯಾಣದ ಬಸ್ಸಿನ ಹೊತ್ತಾಯಿತು ಅಂತ ನಡುವಿನದನ್ನೇ ಕಟ್ಟಿಸಿಕೊಂಡೆ. ಆರಿಸಿದ್ದಲ್ಲ ಕಾಕಾ, ಬಸ್ಸು ಬಂದಿತ್ತು.

ಬಸ್ಸಿನಲ್ಲಿ ಆ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಡಬ್ಬಾ ಆಗಿದ್ದರೆ ಎತ್ತಲು ಇಬ್ಬರು ಬೇಕಿತ್ತು. ಇದು ಮಗುವಿನಷ್ಟೂ ಭಾರವಿಲ್ಲ. ಸ್ಟುಡಿಯೋದಲ್ಲಿ ಹಚ್ಚಿ, ಒಂದು ಕೆಂಪು ಹೆಚ್ಚಿಸಿ, ಒಂದು ಇದ್ದ ಹಾಗೆ, ಒಂದು ತಿಳಿ ಮಾಡಿ, ಮೂರು ಥರ ಮಾಡಿದೆ. ಮರುದಿನ ಮತ್ತೆ ಹುಮನಾಬಾದಕ್ಕೆ ಹೋಗಿ ಅಲ್ಲಿಯ ಲ್ಯಾಬಿನಲ್ಲಿ ಮೂರನ್ನೂ ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಪರದೆಯ ಮೇಲೆ ಇದ್ದದ್ದು ಒಂದು, ಕಾಗದಕ್ಕೆ ಬಂದದ್ದು ಇನ್ನೊಂದು. ನೀವು ಹೇಳಿದ್ದು ಖರೆ, ಹೊಸಬನ ಸುಳ್ಳು ಕಲಿಯಲು ವರ್ಷ ಬೇಕು. ನನ್ನ ಹತ್ತಿರ ವರ್ಷ ಎಲ್ಲಿತ್ತು? ಗಣಾರಾಧನೆ ಎದುರಿಗೇ ಬಂದು ಕೂತಿತ್ತು.

ಆ ಮೂರನ್ನೂ ಹಿಡಿದು ನಿಮ್ಮ ಮನೆಗೆ ಹೋದಾಗ ಹೊತ್ತು ಮುಳುಗುತ್ತಿತ್ತು. ಕೊಡಂಬಲದಿಂದ ಬಂದಿದ್ದ ನಿಮ್ಮ ಮಗಳು ಗಿರಿಜಾ ಕೆಂಪು ಹೆಚ್ಚಿದ್ದನ್ನು ನೋಡಿ, "ಅಪ್ಪ ಎಲ್ಲಿ ಹಿಂಗಿದ್ರು? ಹಳದಿ ಇದ್ರು ಅಕ್ಕಾ, ಅರಿಷಿಣದಂಗ..." ಅಂದು, ಫೋಟೋ ಕಾಕುಗೆ ಕೊಟ್ಟಳು. ದವಾಖಾನೆಯಲ್ಲಿ ನಿಮ್ಮ ಹತ್ತಿರ ಕೂತವಳು ಅವಳು, ಅವಳ ಕಣ್ಣಿನಲ್ಲಿ ಉಳಿದದ್ದು ಅದು. ಕಾಕು ಮೂರನ್ನೂ ಬಾಗಿಲಿನ ಬೆಳಕಿಗೆ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು. "ಒಂದೂ ಅಲ್ಲ" ಅಂದರು.

ನಾನು ಸೋತೆ ಕಾಕಾ, ಅಲ್ಲಿಯೇ ಹೊಸ್ತಿಲ ಮೇಲೆ ಕೂತುಬಿಟ್ಟೆ. "ಕಾಕು, ನೀವರ ಹೇಳ್ರಿ, ಹ್ಯಾಂಗಿದ್ರು ಅವರು? ಕೆಂಪಗ? ಎಣ್ಣಿಗೆಂಪಾ?" ಅಂದೆ. ಅವರು ನನ್ನ ಮುಖ ನೋಡಿದರು. "ನನಗೇನು ಕೇಳತಿ ತಂಗಿ? ನಸುಕಿನ್ಯಾಗ ಹೋಗತಿದ್ರು, ಲೈಟ್ ಹಚ್ಚಿದ ಮ್ಯಾಲ ಬರತಿದ್ರು. ಲಗ್ನದ ಸೀಜನ್ ಅಂದ್ರ ಐತವಾರನೂ ಇಲ್ಲ. ನಾ ಅವರ ಮುಖ ನೋಡಿದ್ದೇ ಬಲ್ಬಿನ ಬೆಳಕಿನ್ಯಾಗ. ಹಗಲ ನೋಡಿದಾಕಿ ನೀ ಅಲ್ಲೇನ?" ನಾನಾದರೂ ಎಲ್ಲಿ ನೋಡಿದ್ದೆ? ಹಗಲೆಲ್ಲ ನೀವಿದ್ದದ್ದು ಡಾರ್ಕ್‌ರೂಮಿನ ಕೆಂಪು ದೀಪದಲ್ಲಿ, ಇಲ್ಲವೇ ಸ್ಟುಡಿಯೋದ ಲೈಟುಗಳ ಹಿಂದೆ. ಊರಿನವರಿಗೆಲ್ಲ ಬೆಳಕು ಬಿಟ್ಟು ನೀವು ಯಾವಾಗಲೂ ಈಚೆ ನಿಂತಿರಿ. ಬಿಸಿಲಿನಲ್ಲಿ ನಿಮ್ಮನ್ನು ಸರಿಯಾಗಿ ನೋಡಿದವರು ಯಾರಾದರೂ ಇದ್ದಾರಾ?

ಅಷ್ಟರಲ್ಲಿ ಕತ್ತಲಾಯಿತು ಅಂತ ಗಿರಿಜಾ ಪಡಸಾಲೆಯ ಬಲ್ಬು ಹಚ್ಚಿದಳು. ಕಾಕು ಕೈಯಲ್ಲಿದ್ದ ಫೋಟೋಗಳನ್ನು ಮತ್ತೊಮ್ಮೆ ನೋಡಿದರು. ತಿಳಿ ಮಾಡಿದ್ದನ್ನು, ನಾನು ಅದು ಸಾಧ್ಯವೇ ಇಲ್ಲ ಅಂದುಕೊಂಡಿದ್ದನ್ನು, ಹೊರಗೆ ಎಳೆದರು. ಬಲ್ಬಿನ ಹಳದಿ ಬಿದ್ದು ಆ ಮುಖ ಬೇರೆಯೇ ಆಗಿತ್ತು. "ಇದು" ಅಂದರು. ಸತ್ತವರನ್ನು ಬೆಳ್ಳಗೆ ಮಾಡಬಾರದು ಅಂದವರು ನೀವು. ನಿಮ್ಮನ್ನೇ ಬೆಳ್ಳಗೆ ಮಾಡಿ ಕಟ್ಟು ಹಾಕಿಸಿದೆ, ಕಾಕು ಬೇಕು ಅಂದರು. ಗಣಾರಾಧನೆಯ ದಿನ ಹಗಲು ಬೆಳಕಿನಲ್ಲಿ ಬಂದವರೆಲ್ಲ, "ಕಾಕಾ ಇಷ್ಟ ಬೆಳ್ಳಗಿದ್ರಾ?" ಅಂತ ನನ್ನನ್ನೇ ಕೇಳಿದರು. ನಾನು ಪಾತ್ರೆ ಎತ್ತುವ ನೆಪ ಮಾಡಿ ಒಳಗೆ ಹೋದೆ.

ಈಗ ನಿಮಗೆ ಗೊತ್ತಿಲ್ಲದ ಸುದ್ದಿ. ಮೊನ್ನೆ ಗಿರಿಜಾ ಬಂದಾಗ ಕರೆಂಟ್ ಉಳಿಯಲಿ ಅಂತ ಮನೆಯ ಬಲ್ಬುಗಳನ್ನೆಲ್ಲ ತೆಗೆದು ಬಿಳಿ ಬೆಳಕಿನ ಸಿಎಫ್‌ಎಲ್ ಹಾಕಿ ಹೋದಳು. ಮರುದಿನ ಕಾಕು ಸ್ಟುಡಿಯೋಕ್ಕೆ ಬಂದರು. ನೀವಿದ್ದಾಗ ಒಂದು ಸಲವೂ ಬಾರದವರು, ಗಿರಾಕಿಯ ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಬೆವರು ಒರೆಸಿಕೊಂಡರು. "ಸುವರ್ಣಾ, ಫೋಟೋದಾಗ ಬ್ಯಾರೆ ಯಾರೋ ಕುಂತಾರ. ರಾತ್ರಿ ಊಟ ಸೇರಲಿಲ್ಲ ನನಗ. ಬಂದು ನೋಡು" ಅಂದರು. ನಾನು ಸಂಜೆ ಹೋದೆ. ಖರೆಯೇ, ಆ ಬಿಳಿ ಬೆಳಕಿನಲ್ಲಿ ಮುಖಕ್ಕೆ ಪೌಡರ್ ಬಳಿದ ಹಾಗೆ, ಯಾರೋ ಅಪರಿಚಿತರು. ಹಳೆಯ ಬಲ್ಬು ಹುಡುಕಿ, ಕುರ್ಚಿ ಹತ್ತಿ, ಮೊದಲಿನ ಜಾಗಕ್ಕೆ ಹಾಕಿ ಗುಂಡಿ ಒತ್ತಿದೆ. ಒಲೆಯ ಮುಂದೆ ಕೂತಿದ್ದ ಕಾಕು ಬೆಳಕು ಬಿದ್ದ ಕೂಡಲೇ ತಲೆಯ ಮೇಲೆ ಸೆರಗು ಎಳೆದುಕೊಂಡು ಎದ್ದರು. "ಬಂದ್ರು" ಅಂದರು. ನನಗೆ ಹೇಳಿದ್ದಲ್ಲ. ಊಟಕ್ಕೆ ತಟ್ಟೆ ತೊಳೆಯಲು ಹೋದರು.

ಆ ಬಲ್ಬು ಸಿಗುವ ತನಕ ನಾನು ತಂದು ಹಾಕುತ್ತೇನೆ ಕಾಕಾ, ಅದರ ಚಿಂತೆ ನಿಮಗೆ ಬೇಡ. ಆದರೆ ನಿನ್ನೆ ಅಂಗಡಿಯವರು, ಇನ್ನು ಮುಂದೆ ಇವು ಬರುವುದು ಕಷ್ಟ ಅಕ್ಕಾ, ಎಲ್ಲರೂ ಬಿಳಿಯದೇ ಕೇಳುತ್ತಾರೆ ಅಂದರು. ಸಿಗದ ದಿನ ಕಾಕುಗೆ ಏನು ಹೇಳಲಿ? ಅದೊಂದು ಹೇಳಿ ಹೋಗಬೇಕಿತ್ತು ನೀವು.

ನಿಮ್ಮ
ಸುವರ್ಣಾ