ಒಳಕಟ್ಟೆಗೆ ಒಂದು ‘ಬೇಡ’ ಬಟನ್

ಗದಗ,
ಇದೇ ವಾರದ ಎರಡನೆಯ ಬುಧವಾರ,
ಫೆಬ್ರವರಿ ಮೂವತ್ತೊಂದು, ೨೧೫೧

ಬೆಳಗಿನ ಜಾವ ಎರಡೂಮುಕ್ಕಾಲು. ತೊಟ್ಟಿಲ ಮೇಲಿನ ಗೋಡೆ ‘ಟೊಕ್’ ಎಂದಿತು, ನನಗೆ ಎಚ್ಚರವಾಯಿತು. ಕೂಸಿಗೂ ಆಯಿತು. ಅವಳನ್ನು ತೊಡೆಯ ಮೇಲೆ ಹಾಕಿಕೊಂಡು, ಒಂದು ಕೈಯಿಂದ ತಟ್ಟುತ್ತ, ಇನ್ನೊಂದು ಕೈಯಿಂದ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಬೇಕು.

ಪೂಜ್ಯ ನೀಲಾಂಬಿಕಾ ಅವರಿಗೆ ಕಳಕವ್ವನ ನಮಸ್ಕಾರಗಳು. ನಿಮ್ಮನ್ನು ಏನೆಂದು ಕರೆಯಬೇಕೋ ತಿಳಿಯುತ್ತಿಲ್ಲ. ನೀವು ನನ್ನ ಅಜ್ಜಿಯ ಅಜ್ಜಿ; ಆದರೆ ಈ ಪತ್ರ ಮುಟ್ಟುವ ರಾತ್ರಿ ನಿಮಗೂ ನನ್ನಷ್ಟೇ ವಯಸ್ಸು. ನಿಮ್ಮ ತೊಟ್ಟಿಲಲ್ಲಿ ಈಗ ಅಳುತ್ತಿರುವವರು ನನ್ನ ಅಜ್ಜಿಯ ತಾಯಿ. ಹಾಗಾಗಿ ನೀವೂ ಎಚ್ಚರವಾಗಿಯೇ ಇರುತ್ತೀರಿ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಪತ್ರ ತರುವುದು ಹಿಂದಂಚೆ, ಅಂದರೆ ಕಳೆದುಹೋದ ಕಾಲಕ್ಕೆ ಕಾಗದ ಒಯ್ಯುವ ನಮ್ಮ ಅಂಚೆ. ರಕ್ತಸಂಬಂಧಿಗಳಿಗೆ ಮಾತ್ರ ಒಯ್ಯುತ್ತದೆ, ಉತ್ತರ ತರುವುದಿಲ್ಲ. ನನ್ನ ಮಾತುಗಳು ಅಲ್ಲಲ್ಲಿ ವಿಚಿತ್ರವೆನಿಸಬಹುದು. ತಾರೀಖನ್ನು ಕಂಡಂತೂ ಗಾಬರಿಯಾಗಬೇಡಿ, ಅದಕ್ಕೂ ಕಾರಣ ಒಳಕಟ್ಟೆಯೇ.

ಒಳಕಟ್ಟೆ ಎಂದರೆ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಬೆಳಗಾದರೆ ನಿಮ್ಮ ಗಾಳಿವಿದ್ಯುತ್ ಕಂಪನಿಯ ಕಚೇರಿಯಲ್ಲಿ ಶುರುವಾಗಲಿರುವ, ಹೊರಗಿನವರು ಇಣುಕಲಾಗದ, ನೌಕರರಷ್ಟೇ ಕೂತು ಮಾತಾಡಿಕೊಳ್ಳುವ ಜಾಲಕ್ಕೆ ಆ ಹೆಸರಿಟ್ಟವರೇ ನೀವು. ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಕಂಪನಿ ಈಗ ಬೆಳೆದು ಗಾಳಿ ನಿಗಮವಾಗಿದೆ. ಯಾವ ಓಣಿಗೆ ಎಷ್ಟು ಗಾಳಿ ಬಿಡಬೇಕೆಂಬುದನ್ನೂ ನಾವೇ ನೋಡಿಕೊಳ್ಳುತ್ತೇವೆ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರದ ಒಂದು ರೆಕ್ಕೆ ಮುರಿದರೆ, ಅಲ್ಲಿನ ಕಾವಲುಗಾರ ಒಳಕಟ್ಟೆಗೆ ಫೋಟೋ ಹಾಕುತ್ತಾನೆ; ಇಲ್ಲಿ ಚಹಾ ಆರುವುದರೊಳಗೆ ರಿಪೇರಿಯವರು ಗುಡ್ಡ ಹತ್ತಿರುತ್ತಾರೆ. ಫೈಲು ಹೊತ್ತು ತಿರುಗುವ ಕಷ್ಟ ನಮ್ಮ ತಲೆಮಾರಿಗೆ ಗೊತ್ತೇ ಇಲ್ಲ. ಇದಕ್ಕಾಗಿ ನಿಮಗೆ ಋಣಿಯಾಗಿದ್ದೇವೆ.

ತೊಂದರೆ ಒಂದೇ. ಒಳಕಟ್ಟೆಯನ್ನು ಪರೀಕ್ಷೆಗೆ ಹಚ್ಚಿದ ವಾರ ಅದರಲ್ಲಿ ‘ಬೇಡ’ ಎಂಬ ಬಟನ್ ಇತ್ತಂತೆ. ನಿಮ್ಮ ಹಿರಿಯ ಗುಮಾಸ್ತರಾದ ಅಂಗಡಿ ಅವರು, ಶನಿವಾರ ಸಂಜೆ ಎಲ್ಲರೂ ಉಳಿದು ಭಜನೆ ಮಾಡೋಣವೆಂದು ಹಾಕಿದರಂತೆ. ಇಡೀ ಕಚೇರಿ ‘ಬೇಡ’ ಒತ್ತಿತಂತೆ. ಅಂಗಡಿ ಅವರು ಮುನಿಸಿಕೊಂಡು ಚಹಾ ಬಿಟ್ಟರಂತೆ. ಆಗ ನೀವು, ಜಾಲ ಕಟ್ಟಿಕೊಡುತ್ತಿದ್ದ ಇರ್ಫಾನ್ ನದಾಫ್ ಅವರಿಗೆ, “ಪಾಪ, ಹಿರೇರು. ಆ ಬಟನ್ ತಗದುಬಿಡ್ರಿ, ಯಾರ ಮನಸ್ಸೂ ನೋಯೂದು ಬ್ಯಾಡ,” ಎಂದಿರಿ. ನೌಕರಿಗೆ ಸೇರಿದವರಿಗೆಲ್ಲ ಮೊದಲ ದಿನ ಹೇಳುವ ಕಥೆ ಇದು. ನಿಮ್ಮ ಫೋಟೋಕ್ಕೆ ಹಾರ ಹಾಕಿ ಹೇಳುತ್ತಾರೆ.

ಉಳಿದದ್ದು ಹೆಬ್ಬೆಟ್ಟು, ಚಪ್ಪಾಳೆ, ಜೋಡಿಸಿದ ಕೈ. ಯಾರಾದರೂ ಏನಾದರೂ ಹಾಕಿದರೆ, ಬೆಳಗಿನ ಪಾಳಿಯ ಸೈರನ್ನು, ಅಂದರೆ ಭೋಂಗಾ, ಆಗುವುದರೊಳಗೆ ಯಾರೂ ಬೇಡವೆನ್ನದಿದ್ದರೆ ಅದು ಜಾರಿ. ಬೇಡವೆನ್ನುವ ದಾರಿಯೇ ಇಲ್ಲವಲ್ಲ, ಎಲ್ಲವೂ ಜಾರಿ. ನಿಮ್ಮ ಕಾಲದಲ್ಲಿ ಹೆಬ್ಬೆಟ್ಟು ಓದು ಬಾರದವರ ಸಹಿಯಾಗಿತ್ತಂತೆ. ನಮ್ಮಲ್ಲಿ ಡಬಲ್ ಡಿಗ್ರಿಯವರೂ ಹೆಬ್ಬೆಟ್ಟೇ. ಮೀಟಿಂಗಿಗೆ ಒಂದು ಬುಧವಾರ ಸಾಲದು ಎಂದು ಯಾರೋ ಹಾಕಿದರು. ವಾರಕ್ಕೆ ಎರಡು ಬುಧವಾರಗಳಾದವು. ಲೆಕ್ಕಪತ್ರದವರು ಫೆಬ್ರವರಿ ಬೇಗ ಮುಗಿಯುತ್ತದೆ ಎಂದು ಅಲವತ್ತುಕೊಂಡರು. ಅದನ್ನೂ ಉದ್ದ ಮಾಡಿದೆವು. ಗುಡ್ಡದ ಮೇಲೆ ಚಳಿ ಎಂದು ಒಬ್ಬ ಹುಡುಗ ಬರೆದದ್ದಕ್ಕೆ, ಕೆಳಗೆ ಕಚೇರಿಯಲ್ಲಿರುವ ನಾವೆಲ್ಲ ಈ ಗದಗದ ಬಿಸಿಲಲ್ಲಿ ಉಣ್ಣೆಯ ಟೋಪಿ ಹಾಕಿಕೊಂಡೇ ಕೆಲಸ ಮಾಡುತ್ತೇವೆ. ಕ್ಯಾಂಟೀನಿನ ಖಾರದ ಝುಣಕಕ್ಕೆ ಬೆಲ್ಲ ಬೀಳತೊಡಗಿ ಒಂದು ತಲೆಮಾರಾಯಿತು. ತಿನ್ನುವಾಗ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.

ಇವನ್ನೆಲ್ಲ ನಾನೂ ಸಹಿಸಿದವಳೇ. ಈಗ ಬಂದಿರುವುದು ಕೂಸಿನ ಬುಡಕ್ಕೆ. ಗುರುವಾರ ತೊಟ್ಟಿಲ ಕಾರ್ಯ, ಯಾರಾದರೂ ನನ್ನ ಪಾಳಿ ಬದಲಿಸಿಕೊಳ್ಳುವಿರಾ ಎಂದು ಒಳಕಟ್ಟೆಯಲ್ಲಿ ಕೇಳಿದೆ. ಅಷ್ಟೇ ಕೇಳಿದ್ದು. ಪಾಳಿಯ ಮಾತನ್ನು ಯಾರೂ ಎತ್ತಲಿಲ್ಲ. ಹೆಸರೇನಿಡುತ್ತೀರಿ ಎಂದು ಒಬ್ಬರು ಕೇಳಿದರು, ಇಂಥದ್ದಿಡಿ ಎಂದು ಇನ್ನೊಬ್ಬರು, ಸಂಜೆಯ ಹೊತ್ತಿಗೆ ನಾಮಕರಣ ಉಪಸಮಿತಿಯಾಗಿತ್ತು. ಯಾವ ವಿಭಾಗಕ್ಕೂ ಬೇಸರವಾಗಬಾರದೆಂದು ಸಮಿತಿ ಎಲ್ಲ ಸೂಚನೆಗಳನ್ನೂ ಜೋಡಿಸಿತು. ನನ್ನ ಮಗಳ ಹೆಸರು ಈಗ ‘ಸಮನ್ವಯ ಸಾಧನಾ ಗಾಳೆಮ್ಮ ಎರಡನೇ ತ್ರೈಮಾಸಿಕ ಪರಿಷ್ಕೃತ’. ಬೆಳಗಿನ ಭೋಂಗಾ ಆದರೆ ಅದು ರೇಷನ್ನಿಗೆ, ಶಾಲೆಗೆ, ಮನೆಯ ಗಾಳಿ ಸಂಪರ್ಕಕ್ಕೆ ತಾನಾಗಿಯೇ ಏರಿಬಿಡುತ್ತದೆ. ಆಮೇಲೆ ಇಳಿಸಲಾಗದು.

ನಮ್ಮ ಅತ್ತೆ ಕೆಂಡವಾಗಿದ್ದಾರೆ. “ಕೂಸಿನ ಕಿವ್ಯಾಗ ಹೆಸರು ಹೇಳಾಕಿ ಸ್ವಾದರತ್ತಿ. ನಿಮ್ಮ ಆಫೀಸಿನಾವ್ರು ಯಾವಾಗ ಈ ಮನಿ ಹೆಣ್ಮಕ್ಕಳಾದ್ರು?” ಎಂದು ಕೇಳಿದರು. ಆ ಸೋದರತ್ತೆ, ನನ್ನ ನಾದಿನಿ ಪಾರವ್ವ, ನಿನ್ನೆಯಿಂದ ಹೆಸರನ್ನು ಬಾಯಿಪಾಠ ಮಾಡುತ್ತಿದ್ದಾಳೆ. ಹೆಸರು ಹೇಳುವವಳ ಬೆನ್ನಿಗೆ ಉಳಿದ ಹೆಂಗಸರು ಗುದ್ದುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಅಷ್ಟುದ್ದದ್ದನ್ನು ಹೇಳಿ ಮುಗಿಸುವುದರೊಳಗೆ ತನ್ನ ಬೆನ್ನು ಉಳಿಯುವುದಿಲ್ಲ ಎಂಬುದು ಅವಳ ಅಳಲು.

ಕೂಸನ್ನು ಎತ್ತಿಕೊಂಡೇ ಮೇಲಧಿಕಾರಿ ದೇಸಾಯಿ ಅವರ ಹತ್ತಿರ ಹೋದೆ. ಅವರಿಗೆ ಎಂಬತ್ತು ದಾಟಿದೆ. ಸಾಹೇಬರು ಇನ್ನೊಂದು ವರ್ಷ ಇರಲಿ ಎಂದು ಪ್ರತಿ ವರ್ಷ ಯಾರಾದರೂ ಅಭಿಮಾನದಿಂದ ಹಾಕುತ್ತಾರೆ, ಪಾಪ ಅವರು ಇರುತ್ತಾರೆ. ಟೋಪಿಯಡಿಯಿಂದ ಇಳಿಯುತ್ತಿದ್ದ ಬೆವರು ಒರೆಸಿಕೊಳ್ಳುತ್ತ ನನ್ನ ಮಾತನ್ನೆಲ್ಲ ಕೇಳಿದರು. ಬಾಗಿಲು ಮುಚ್ಚಿದೆಯೇ ಎಂದು ನೋಡಿಕೊಂಡು, ದನಿ ತಗ್ಗಿಸಿ, “ಬ್ಯಾಡ ಅನ್ನೂದು ಎಲ್ಲಿ ಒತ್ತಬೇಕವಾ, ನೀನರ ತೋರ್ಸು. ನೌಕರಿಗೆ ಸೇರಿದಾಗಿಂದ ನಾನೂ ಹುಡುಕಾಕತ್ತೀನಿ,” ಎಂದರು. ಕೂಸಿನ ಕೈಗೆ ಒಂದು ಪೆಪ್ಪರಮಿಂಟು ಕೊಟ್ಟರು. ಅವಳಿಗೆ ಇನ್ನೂ ಹಲ್ಲೇ ಬಂದಿಲ್ಲ.

ಮನೆಗೆ ಬಂದವಳೇ ನಾನೊಂದು ಕೆಲಸ ಮಾಡಿದೆ. ಬಟನ್ ಇಲ್ಲದಿದ್ದರೇನು, ಅಕ್ಷರಗಳಿವೆಯಲ್ಲ ಎಂದುಕೊಂಡು, ಆ ವಿಷಯದ ಕೆಳಗೆ ಬಿಡಿಸಿ ಬರೆದೆ: ಈ ಹೆಸರು ನಮಗೆ ಬೇಡ, ದಯವಿಟ್ಟು ಕೈಬಿಡಿ. ಎಲ್ಲರಿಗೂ ಅದು ಬಹಳ ಹಿಡಿಸಿತು. ಎಷ್ಟು ಚೆನ್ನಾಗಿ ಬರೆದಿದ್ದಾರೆ ಎಂದರು. ಒಬ್ಬರಾದ ಮೇಲೊಬ್ಬರು ಹೆಬ್ಬೆಟ್ಟು ಒತ್ತತೊಡಗಿದರು. ನನ್ನ ಪರವಾಗಿಯೇ ಒತ್ತುತ್ತಿದ್ದಾರೆ, ಪಾಪ. ಆದರೆ ಒಂದು ವಿಷಯದ ಕೆಳಗೆ ಬಿದ್ದ ಹೆಬ್ಬೆಟ್ಟನ್ನೆಲ್ಲ ಒಳಕಟ್ಟೆ ಆ ವಿಷಯದ ಖಾತೆಗೇ ಸೇರಿಸುತ್ತದೆ. ನಾನು ಬೇಡವೆಂದಷ್ಟೂ ಹೆಸರು ಗಟ್ಟಿಯಾಗುತ್ತಿದೆ. ಪ್ರತಿ ಹೆಬ್ಬೆಟ್ಟಿಗೂ, ಒಳಕಟ್ಟೆ ಮೂಡುವ ಈ ಗೋಡೆ ‘ಟೊಕ್’ ಎನ್ನುತ್ತದೆ. ಎರಡೂಮುಕ್ಕಾಲಿಗೆ ನಮ್ಮನ್ನು ಎಬ್ಬಿಸಿದ್ದು ಅದೇ. ಈಗ, ಈ ಸಾಲು ಬರೆಯುವಾಗ, ಇನ್ನೊಂದು. ಈ ಸಲದ್ದು ಪಕ್ಕದಲ್ಲೇ ಮಲಗಿರುವ ನನ್ನ ಗಂಡನದು. ಅವರೂ ನಿಗಮದವರೇ, ನಿದ್ದೆಗಣ್ಣಲ್ಲಿ ಒತ್ತಿದ್ದಾರೆ.

ಆದ್ದರಿಂದ ನೀಲಾಂಬಿಕಾ ಅವರೇ, ಅಮ್ಮಾ, ಅಕ್ಕಾ, ಯಾವುದು ಸರಿಯೋ ಅದು ಎಂದುಕೊಳ್ಳಿ, ನನ್ನದೊಂದೇ ಬೇಡಿಕೆ. ನಿಮ್ಮಲ್ಲಿ ಬೆಳಗಾಗಿ ಒಳಕಟ್ಟೆ ಶುರುವಾದರೆ ಮುಗಿಯಿತು. ಆಮೇಲೆ ಏನನ್ನು ಬದಲಿಸಬೇಕಾದರೂ ಮೊದಲಿದ್ದದ್ದನ್ನು ಬೇಡವೆನ್ನಬೇಕು, ಅದು ಆಗುವುದಿಲ್ಲ. ನದಾಫ್ ಅವರಿಗೆ ಹೇಳಿ ಆ ಬಟನ್ನನ್ನು ವಾಪಸ್ ಹಾಕಿಸಿ. ಚಿಕ್ಕದಿದ್ದರೂ ಸಾಕು, ಮೂಲೆಯಲ್ಲಿದ್ದರೂ ಸಾಕು. ಅಂಗಡಿ ಅವರಿಗೆ ಬೇಸರವಾದರೆ ನೀವೇ ಮನೆಗೆ ಹೋಗಿ ಕೂತು ಒಂದು ಕಪ್ ಚಹಾ ಕುಡಿಸಿ. ಅವರ ಮುನಿಸು ಹಾಗೆ ಇಳಿಯುತ್ತದೆ. ನನ್ನ ಮಗಳ ಹೆಸರು ಇಳಿಯುವುದಿಲ್ಲ.

ಅವಳಿಗೆ ನೀಲಾ ಎಂದು ನಿಮ್ಮ ಹೆಸರನ್ನೇ ಇಡಬೇಕೆಂದಿದ್ದೇನೆ. ಎರಡೇ ಅಕ್ಷರ, ಪಾರವ್ವನ ಬೆನ್ನಿಗೆ ಒಂದೇ ಗುದ್ದಿನಲ್ಲಿ ಮುಗಿಯುತ್ತದೆ. ಈಗ ತಾನೇ ಕಿವಿಯಲ್ಲಿ ಮೆಲ್ಲಗೆ ಕರೆದು ನೋಡಿದೆ, ಕಣ್ಣು ಬಿಟ್ಟು ನನ್ನತ್ತ ನೋಡಿದಳು.

ದಯವಿಟ್ಟು ಈಗಲೇ ಎದ್ದು ನದಾಫ್ ಅವರಿಗೆ ಫೋನ್ ಮಾಡಿ. ಹೊತ್ತಲ್ಲದ ಹೊತ್ತು ಎಂದು ಸಂಕೋಚಪಡಬೇಡಿ, ಎಬ್ಬಿಸಿ, ಅವರ ಬಾಯಿಂದ ಆಯಿತು ಎಂಬ ಮಾತು ಬರುವವರೆಗೆ ಇಡಬೇಡಿ. ಮೆಸೇಜ್ ಮಾತ್ರ ಹಾಕಬೇಡಿ. ಹಾಕಿದರೆ ಅವರು ಹೆಬ್ಬೆಟ್ಟು ಒತ್ತಿ ಮಲಗಿಬಿಡುತ್ತಾರೆ. ಫೋನ್ ಮಾಡಿ, ಬೆಳಗಾಗುವ ಮೊದಲು.